ವಿಂಡೋ ಅಗಲ ಮಾಡಿದರೂ ಫ್ಲೋಬಾಕ್ಸ್ ಸಾಲಿಗೆ ಒಂದೇ ಫೋಟೋ ಇಡುತ್ತದೆ, ಯಾಕೆ?

ಪ್ರಶ್ನೆ: ಪೈಥಾನ್‌ನಲ್ಲಿ ಜಿಟಿಕೆ 4 (ವಿಂಡೋ, ಬಟನ್ ಇರುವ ಪ್ರೋಗ್ರಾಂ ಬರೆಯುವ ಟೂಲ್‌ಕಿಟ್) ಬಳಸಿ ಒಂದು ಸಣ್ಣ ಫೋಟೋ ಆಲ್ಬಮ್ ಬರೆಯುತ್ತಿದ್ದೇನೆ. ಫೋಲ್ಡರ್‌ನಲ್ಲಿರುವ 30 ಫೋಟೋಗಳನ್ನು, ಐಟಂಗಳನ್ನು ಸಾಲುಸಾಲಾಗಿ ಜೋಡಿಸುವ ಫ್ಲೋಬಾಕ್ಸ್‌ಗೆ ಹಾಕಿದ್ದೇನೆ. ಪ್ರತಿ ಫೋಟೋವೂ ಒಂದು ಬಟನ್ ಒಳಗಿದೆ, ಅದರ ಕೆಳಗೆ ಫೈಲ್ ಹೆಸರಿದೆ. ವಿಂಡೋ ಎಷ್ಟು ಅಗಲ ಮಾಡಿದರೂ ಸಾಲಿಗೆ ಒಂದೇ ಫೋಟೋ ಬರುತ್ತಿದೆ. 120 ಪಿಕ್ಸೆಲ್ ಸೈಜ್ ರಿಕ್ವೆಸ್ಟ್ ಕೊಟ್ಟರೂ ಅಷ್ಟೇ. ಫೋಟೋ ಬದಲು ಚಿಕ್ಕ ಐಕಾನ್ ಹಾಕಿ ನೋಡಿದೆ. ಆಗ ಸಾಲಿಗೆ 7 ಬರುತ್ತವೆ, ಅದಕ್ಕಿಂತ ಜಾಸ್ತಿ ಬರುವುದೇ ಇಲ್ಲ. ನಾಲ್ಕೇ ಐಕಾನ್ ಇದ್ದರೆ ಅವು ವಿಂಡೋ ತುಂಬಾ ಎಳೆದ ಹಾಗೆ ಕಾಣುತ್ತವೆ. ಸ್ಕ್ರೋಲ್ ಇಲ್ಲದೆ ಹಾಕಿದರೆ ವಿಂಡೋ ಉದ್ದವಾಗಿಬಿಡುತ್ತದೆ, ಚಿಕ್ಕದು ಮಾಡಲು ಆಗುವುದಿಲ್ಲ. ಸಾಲದ್ದಕ್ಕೆ, ಫೋಟೋ ಕ್ಲಿಕ್ ಮಾಡಿದರೆ ಚೈಲ್ಡ್-ಆಕ್ಟಿವೇಟೆಡ್ ಸಿಗ್ನಲ್ (ಐಟಂ ಒತ್ತಿದ್ದಾರೆ ಎಂದು ಪ್ರೋಗ್ರಾಂಗೆ ತಿಳಿಸುವ ಸೂಚನೆ) ಬರುತ್ತಿಲ್ಲ. ಎಲ್ಲಿ ಎಡವಟ್ಟಾಗಿದೆ?

ಉತ್ತರ: ಐದು ತೊಂದರೆ ಹೇಳಿದ್ದೀರಿ. 7ರ ಮಿತಿ ಮತ್ತು ಕೊನೆಯ ಕ್ಲಿಕ್ ಬಿಟ್ಟರೆ ಉಳಿದ ಮೂರಕ್ಕೂ ಬೇರು ಒಂದೇ: ಯಾರು ಯಾರಿಗೆ ಎಷ್ಟು ಜಾಗ ಕೇಳುತ್ತಿದ್ದಾರೆ ಎಂಬುದು. ಅದೊಂದು ಗೊತ್ತಾದರೆ ಪ್ರಾಪರ್ಟಿಗಳನ್ನು ಸುಮ್ನೆ ಒಂದೊಂದಾಗಿ ಬದಲಾಯಿಸಿ ನೋಡುವ ಕೆಲಸ ತಪ್ಪುತ್ತದೆ.

ಮಾಮೂಲಿ ಬಾಕ್ಸ್ ಅಥವಾ ಗ್ರಿಡ್‌ನಲ್ಲಿ ಯಾವುದು ಎಲ್ಲಿರಬೇಕು ಅಂತ ನೀವೇ ಹೇಳಿರುತ್ತೀರಿ. ಫ್ಲೋಬಾಕ್ಸ್‌ನಲ್ಲಿ ಹಾಗಿಲ್ಲ. ನೀವು ಕೊಡುವುದು ಒಂದು ಕ್ರಮ ಮಾತ್ರ. ಸಾಲಿಗೆ ಎಷ್ಟು ಹಿಡಿಸಬೇಕು, ಎಲ್ಲಿ ಸಾಲು ಮುರಿಯಬೇಕು ಎಂಬುದನ್ನು ಅದು ಸಿಕ್ಕ ಅಗಲ ನೋಡಿಕೊಂಡು ತಾನೇ ತೀರ್ಮಾನಿಸುತ್ತದೆ. ಪುಟದ ಅಗಲಕ್ಕೆ ತಕ್ಕಂತೆ ಪ್ಯಾರಾದ ಸಾಲುಗಳು ಮುರಿಯುತ್ತವಲ್ಲ, ಹಾಗೆ. ಅಂದರೆ ಫ್ಲೋಬಾಕ್ಸ್‌ಗೆ ತನ್ನದೇ ಆದ ಒಂದು ಎತ್ತರ ಅಂತ ಇರುವುದಿಲ್ಲ. 'ಇಷ್ಟು ಅಗಲ ಕೊಟ್ಟರೆ ಇಷ್ಟು ಎತ್ತರ ಬೇಕು' ಎಂದಷ್ಟೇ ಅದು ಹೇಳಬಲ್ಲದು. ಜಿಟಿಕೆಯಲ್ಲಿ ಇದಕ್ಕೆ ಹೈಟ್-ಫಾರ್-ವಿಡ್ತ್ ಎನ್ನುತ್ತಾರೆ.

ಜಿಟಿಕೆಯ ಪ್ರತಿ ವಿಜೆಟ್ (ಬಟನ್, ಲೇಬಲ್, ಚಿತ್ರದಂಥ ಸ್ಕ್ರೀನ್ ಮೇಲಿನ ಭಾಗ) ತನ್ನ ಅಗಲದ ಬಗ್ಗೆ ಎರಡು ಸಂಖ್ಯೆ ಹೇಳುತ್ತದೆ. ಒಂದು ಮಿನಿಮಮ್, ಇದಕ್ಕಿಂತ ಕಡಿಮೆ ಕೊಟ್ಟರೆ ಆಗುವುದಿಲ್ಲ ಎಂಬ ಮಿತಿ. ಇನ್ನೊಂದು ನ್ಯಾಚುರಲ್, ಇಷ್ಟು ಸಿಕ್ಕರೆ ಚೆನ್ನ ಎಂಬ ಅಳತೆ. ಸಾಲಿಗೆ ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕುವಾಗ ಫ್ಲೋಬಾಕ್ಸ್ ನೋಡುವುದು ಮಿನಿಮಮ್ ಅನ್ನಲ್ಲ, ನ್ಯಾಚುರಲ್ ಅಗಲವನ್ನು. ನಿಮ್ಮ ಮೊದಲ ತೊಂದರೆ ಇರುವುದು ಇಲ್ಲೇ.

ಫೋಟೋ ತೋರಿಸಲು ನೀವು ಪಿಕ್ಚರ್ ವಿಜೆಟ್ ಬಳಸಿದ್ದೀರಿ ಅಂತ ಕಾಣುತ್ತದೆ. ಪಿಕ್ಚರ್‌ನ ನ್ಯಾಚುರಲ್ ಅಗಲ ಅಂದರೆ ಆ ಫೋಟೋದ ನಿಜವಾದ ಅಗಲ. ಫೋಟೋ 4000 ಪಿಕ್ಸೆಲ್ ಅಗಲ ಇದ್ದರೆ ಅದು 4000 ಸಿಕ್ಕರೆ ಚೆನ್ನ ಎನ್ನುತ್ತದೆ. ನಿಮ್ಮ ವಿಂಡೋ 1200 ಇರಬಹುದು. 4000ದ ವಸ್ತು 1200ರಲ್ಲಿ ಎಷ್ಟು ಹಿಡಿಸುತ್ತದೆ? ಒಂದೂ ಹಿಡಿಸುವುದಿಲ್ಲ. ಆದರೆ ಸಾಲಿಗೆ ಒಂದಾದರೂ ಇಡಲೇಬೇಕು, ಹಾಗಾಗಿ ಒಂದನ್ನು ಕುಗ್ಗಿಸಿ ಇಡುತ್ತದೆ. ಕಣ್ಣಿಗೆ ಕಾಣುವುದು ಸರಿಯಾಗಿ ಕುಗ್ಗಿದ ಫೋಟೋ. ಅದಕ್ಕೇ ಅನುಮಾನ ಫೋಟೋ ಮೇಲೆ ಬರುವುದಿಲ್ಲ, ಫ್ಲೋಬಾಕ್ಸ್ ಮೇಲೆ ಬರುತ್ತದೆ.

ಸೈಜ್ ರಿಕ್ವೆಸ್ಟ್ ಕೊಟ್ಟರೂ ಯಾಕೆ ಆಗಲಿಲ್ಲ ಅಂದರೆ, ಅದು ಏರಿಸುವುದು ಮಿನಿಮಮ್ ಅನ್ನು ಮಾತ್ರ. 'ಕನಿಷ್ಠ 120 ಕೊಡು' ಎಂದ ಹಾಗಾಯಿತೇ ಹೊರತು '120ಕ್ಕೆ ನಿಲ್ಲಿಸು' ಎಂದ ಹಾಗಾಗಲಿಲ್ಲ. ನ್ಯಾಚುರಲ್ ಇನ್ನೂ 4000ವೇ. ಹೆಸರು ನೋಡಿದರೆ ಗಾತ್ರವನ್ನೇ ನಿಗದಿ ಮಾಡುತ್ತದೆ ಅನ್ನಿಸುತ್ತದೆ, ಅಲ್ವಾ? ಜಿಟಿಕೆಗೆ ಹೊಸಬರು ತುಂಬಾ ಜನ ಮುಗ್ಗರಿಸುವುದು ಇಲ್ಲಿ.

ಸರಿಯಾದ ದಾರಿ ಫೋಟೋವನ್ನು ಓದುವಾಗಲೇ ಚಿಕ್ಕದು ಮಾಡುವುದು. ಜಿಡಿಕೆ-ಪಿಕ್ಸ್‌ಬಫ್‌ನಲ್ಲಿ ಫೈಲ್ ಅನ್ನು ಬೇಕಾದ ಅಳತೆಗೆ ಇಳಿಸಿ ಓದುವ ಫಂಕ್ಷನ್ ಇದೆ, ಹೆಸರು ನ್ಯೂ-ಫ್ರಮ್-ಫೈಲ್-ಅಟ್-ಸ್ಕೇಲ್. ಅಗಲ, ಎತ್ತರದ ಮಿತಿ ಕೊಟ್ಟು, ಆಕಾರ ಕೆಡಬಾರದು ಎಂಬ ಆಯ್ಕೆಯನ್ನು ನಿಜ ಎಂದು ಕೊಡಿ. ಸಿಕ್ಕಿದ್ದನ್ನು ಟೆಕ್ಸ್ಚರ್ ಮಾಡಿಕೊಂಡು, ಪಿಕ್ಚರ್ ಬದಲು ಇಮೇಜ್ ವಿಜೆಟ್‌ಗೆ ಹಾಕಿ, ಪಿಕ್ಸೆಲ್-ಸೈಜ್ 120 ಕೊಡಿ. ಇಮೇಜ್ ಇರುವುದೇ ಐಕಾನ್‌ನಂಥ ನಿಗದಿತ ಅಳತೆಯ ಚಿತ್ರಗಳಿಗಾಗಿ. ಓದುವಾಗ 120ರ ಬದಲು 240ಕ್ಕೆ ಇಳಿಸಿ ಓದಿದರೆ ಇನ್ನೂ ಒಳ್ಳೆಯದು. ಎರಡು ಪಟ್ಟು ಸಾಂದ್ರತೆಯ ಸ್ಕ್ರೀನ್‌ನಲ್ಲೂ ಚಿತ್ರ ಮಸುಕಾಗುವುದಿಲ್ಲ, ಜಾಗ ಮಾತ್ರ 120 ಅಂತಲೇ ಲೆಕ್ಕವಾಗುತ್ತದೆ.

ಇದರಿಂದ ಮೆಮೊರಿಯೂ ಉಳಿಯುತ್ತದೆ. 4000 ಅಗಲ, 3000 ಎತ್ತರದ ಫೋಟೋವನ್ನು ಪಿಕ್ಸೆಲ್‌ಗೆ 4 ಬೈಟ್‌ನಂತೆ ಬಿಚ್ಚಿಟ್ಟರೆ 4.8 ಕೋಟಿ ಬೈಟ್, ಅಂದರೆ 48 ಎಂಬಿ. ಅಂಥವು 30 ಅಂದರೆ 1.4 ಜಿಬಿಗೂ ಜಾಸ್ತಿ. 240ಕ್ಕೆ 180ರ ಚಿಕ್ಕ ಚಿತ್ರಕ್ಕೆ 2 ಲಕ್ಷ ಬೈಟ್ ಕೂಡ ಬೇಡ.

ಫೋಟೋ ಸರಿಯಾದ ಮೇಲೂ ತೊಂದರೆ ಪೂರ್ತಿ ಹೋಗದಿರಬಹುದು. ಆಗ ಫೈಲ್ ಹೆಸರು ನೋಡಿ. ಲೇಬಲ್‌ನ ನ್ಯಾಚುರಲ್ ಅಗಲ ಅದರ ಪೂರ್ತಿ ಸಾಲಿನ ಉದ್ದ. ಕ್ಯಾಮೆರಾ ಕೊಟ್ಟ ಚಿಕ್ಕ ಹೆಸರುಗಳ ನಡುವೆ ಯಾರೋ ಕಳಿಸಿದ ಅರವತ್ತು ಅಕ್ಷರದ ಹೆಸರೊಂದು ಸೇರಿಕೊಂಡಿತು ಅನ್ನಿ. ಎಲ್ಲ ಐಟಂಗಳಿಗೂ ಒಂದೇ ಅಳತೆ ಕೊಡುವ ಹೋಮೋಜೀನಿಯಸ್ ಆನ್ ಇದ್ದರೆ ಆ ಒಂದು ಹೆಸರಿಗಾಗಿ ಎಲ್ಲ 30 ಐಟಂಗಳೂ ಅಷ್ಟೇ ಅಗಲವಾಗುತ್ತವೆ. ಆಫ್ ಇದ್ದರೆ ಅದಿರುವ ಕಾಲಮ್ ಮಾತ್ರ ಹಿಗ್ಗುತ್ತದೆ. ಲೇಬಲ್‌ಗೆ ಎಲಿಪ್ಸೈಜ್ ಕೊಡಿ, ಫೈಲ್ ಹೆಸರಿಗಾದರೆ ಮಧ್ಯದಲ್ಲಿ ಚುಕ್ಕಿ ಬರುವ ಮಿಡ್ಲ್ ವಾಸಿ, ಕೊನೆಯಲ್ಲಿರುವ ನಂಬರ್ ಕಾಣುತ್ತದೆ. ಜೊತೆಗೆ ಮ್ಯಾಕ್ಸ್-ವಿಡ್ತ್-ಚಾರ್ಸ್ 12 ಅಂತ ಕೊಡಿ. ಎಲಿಪ್ಸೈಜ್ ಒಂದೇ ಕೊಟ್ಟರೆ ಸಾಲದು, ಅದು ಮಿನಿಮಮ್ ಅನ್ನು ಇಳಿಸುತ್ತದೆ ಅಷ್ಟೇ. ನ್ಯಾಚುರಲ್‌ಗೆ ಕಡಿವಾಣ ಹಾಕುವುದು ಎರಡನೆಯದು.

ಈಗ ಲೆಕ್ಕ ಹಾಕಿ ನೋಡೋಣ. ಐಟಂ ಅಗಲ 120, ಎತ್ತರ ಲೇಬಲ್ ಸೇರಿ 150. ಕಾಲಮ್ ಸ್ಪೇಸಿಂಗ್, ರೋ ಸ್ಪೇಸಿಂಗ್ ಎರಡೂ 12. ಇವು ಡಿಫಾಲ್ಟ್ ಆಗಿ 0 ಇರುತ್ತವೆ, ನೀವೇ ಕೊಡಬೇಕು. ಥೀಮ್ ಸೇರಿಸುವ ಪ್ಯಾಡಿಂಗ್ ಸದ್ಯಕ್ಕೆ ಬಿಟ್ಟುಬಿಡೋಣ. ಫ್ಲೋಬಾಕ್ಸ್‌ಗೆ 600 ಪಿಕ್ಸೆಲ್ ಅಗಲ ಸಿಕ್ಕಿದೆ. ನಾಲ್ಕು ಐಟಂಗೆ 480, ನಡುವಿನ ಮೂರು ಸಂದಿಗೆ 36, ಒಟ್ಟು 516. ಉಳಿದದ್ದು 84. ಐದನೆಯದಕ್ಕೆ ಸಂದಿಯೂ ಸೇರಿ 132 ಬೇಕು, ಇಲ್ಲ. ಹಾಗಾಗಿ ಸಾಲಿಗೆ ನಾಲ್ಕು. 30 ಐಟಂಗೆ 8 ಸಾಲು, ಕೊನೆಯ ಸಾಲಿನಲ್ಲಿ ಎರಡು. ಎತ್ತರ 8 ಸಾಲಿಗೆ 1200, ಏಳು ಸಂದಿಗೆ 84, ಒಟ್ಟು 1284.

ಉಳಿದ 84 ಪಿಕ್ಸೆಲ್ ಎಲ್ಲಿ ಹೋಯಿತು? ಅದನ್ನು ತೀರ್ಮಾನಿಸುವುದು ಫ್ಲೋಬಾಕ್ಸ್‌ನ ಹೆಚ್-ಅಲೈನ್. ಡಿಫಾಲ್ಟ್ ಫಿಲ್. ಆಗ ನಾಲ್ಕಕ್ಕೂ 21 ಹಂಚಿ ಪ್ರತಿ ಐಟಂ 141 ಆಗುತ್ತದೆ. ಸೆಂಟರ್ ಕೊಟ್ಟರೆ ಐಟಂಗಳು 120ರಲ್ಲೇ ನಿಂತು ಎರಡೂ ಬದಿಗೆ 42 ಉಳಿಯುತ್ತದೆ. ಫೋಟೋ ಆಲ್ಬಮ್‌ಗೆ ನನಗೆ ಸೆಂಟರ್ ಇಷ್ಟ. ಫಿಲ್ ಇದ್ದರೆ ವಿಂಡೋ ಎಳೆಯುವಾಗ ಸಂದಿಗಳು ಹಿಗ್ಗುತ್ತಾ ಕುಗ್ಗುತ್ತಾ ಉಸಿರಾಡಿದ ಹಾಗೆ ಕಾಣುತ್ತದೆ. ಕೆಲವರಿಗೆ ಅದೇ ಚೆಂದ.

ಎತ್ತರಕ್ಕೂ ಇದೇ ನಿಯಮ. ನಾಲ್ಕೇ ಐಕಾನ್ ಇದ್ದಾಗ ಬೇಕಾದ ಎತ್ತರ ಒಂದು ಸಾಲಿನದು, ಸಿಕ್ಕಿದ ಎತ್ತರ ವಿಂಡೋದಷ್ಟು. ವಿ-ಅಲೈನ್ ಫಿಲ್ ಆಗಿರುವುದರಿಂದ ಆ ಒಂದು ಸಾಲೇ ಪೂರ್ತಿ ಎತ್ತರಕ್ಕೆ ಎಳೆಯಲ್ಪಡುತ್ತದೆ. ಸಾಲುಗಳು ಎರಡು ಮೂರಿದ್ದರೆ ದೂರ ದೂರ ಹರಡಿಕೊಳ್ಳುತ್ತವೆ. ಫ್ಲೋಬಾಕ್ಸ್‌ನ ವಿ-ಅಲೈನ್ ಅನ್ನು ಸ್ಟಾರ್ಟ್ ಮಾಡಿ, ಮುಗಿಯಿತು. ಕೊಡಬೇಕಾದ್ದು ಫ್ಲೋಬಾಕ್ಸ್‌ಗೆ, ಒಳಗಿನ ಐಟಂಗಳಿಗಲ್ಲ.

7ರ ಕಥೆ ಬೇರೆ. ಮ್ಯಾಕ್ಸ್-ಚಿಲ್ಡ್ರನ್-ಪರ್-ಲೈನ್ ಎಂಬ ಪ್ರಾಪರ್ಟಿಯ ಡಿಫಾಲ್ಟ್ 7, ಅದಕ್ಕೇ ಅಲ್ಲಿಗೆ ನಿಲ್ಲುತ್ತದೆ. ಅದನ್ನು 30ಕ್ಕೋ 100ಕ್ಕೋ ಏರಿಸಿ. 1200 ಅಗಲದ ವಿಂಡೋದಲ್ಲಿ ಆಗ ಸಾಲಿಗೆ 9 ಹಿಡಿಸುತ್ತವೆ: ಐಟಂಗೆ 1080, ಸಂದಿಗೆ 96, ಒಟ್ಟು 1176. ನಾಲ್ಕೇ ಸಾಲು, 636 ಎತ್ತರ. ಆದರೆ ಈ ಮಿತಿಯನ್ನು ಸುಮ್ಮನೆ ಇಟ್ಟಿಲ್ಲ. ಫ್ಲೋಬಾಕ್ಸ್‌ನ ಸ್ವಂತ ನ್ಯಾಚುರಲ್ ಅಗಲ ಲೆಕ್ಕವಾಗುವುದು ಇದರಿಂದಲೇ. 7 ಇದ್ದರೆ ಅದು 912 ಕೇಳುತ್ತದೆ. ಮಿತಿ ತೆಗೆದರೆ 30 ಐಟಂನ್ನೂ ಒಂದೇ ಸಾಲಿನಲ್ಲಿ ಇಡುವ ಆಸೆ, 3948 ಕೇಳುತ್ತದೆ. ಆದ್ದರಿಂದ ಮಿತಿ ಏರಿಸಿದ ಮೇಲೆ ವಿಂಡೋಗೆ ಡಿಫಾಲ್ಟ್ ಸೈಜ್ ನೀವೇ ಕೊಡಿ, ಫ್ಲೋಬಾಕ್ಸ್‌ನ ಆಸೆಗೆ ಬಿಡಬೇಡಿ. ಮಿನ್-ಚಿಲ್ಡ್ರನ್-ಪರ್-ಲೈನ್ ಅಂತಲೂ ಒಂದಿದೆ. ಅದನ್ನು 4 ಮಾಡಿದರೆ ಸಾಲಿಗೆ ನಾಲ್ಕಕ್ಕಿಂತ ಕಡಿಮೆ ಇಡುವುದಿಲ್ಲ, ಅದಕ್ಕೆ ಬದಲಾಗಿ ವಿಂಡೋವನ್ನು ನಾಲ್ಕು ಐಟಂನ ಮಿನಿಮಮ್ ಅಗಲಕ್ಕಿಂತ ಕುಗ್ಗಿಸಲೂ ಬಿಡುವುದಿಲ್ಲ. ನಿಮಗೆ ಬೇಕಾಗಲಿಕ್ಕಿಲ್ಲ.

ವಿಂಡೋ ಉದ್ದವಾಗಿ ಕುಗ್ಗದೆ ಕೂರುವುದಕ್ಕೂ ಕಾರಣ ಹೈಟ್-ಫಾರ್-ವಿಡ್ತ್. ಅಗಲ ಹೇಳದೆ ಎತ್ತರ ಎಷ್ಟು ಬೇಕು ಅಂತ ಕೇಳಿದರೆ, ಫ್ಲೋಬಾಕ್ಸ್ ತನಗೆ ಸಿಗಬಹುದಾದ ತೀರಾ ಕಡಿಮೆ ಅಗಲವನ್ನು ಇಟ್ಟುಕೊಂಡು ಉತ್ತರ ಕೊಡುತ್ತದೆ. ತೀರಾ ಕಡಿಮೆ ಅಂದರೆ ಸಾಲಿಗೆ ಒಂದೇ ಐಟಂ. 30 ಸಾಲಿಗೆ 4500, ಸಂದಿಗೆ 348, ಒಟ್ಟು 4848 ಪಿಕ್ಸೆಲ್! ಸುರಕ್ಷಿತ ಉತ್ತರವೇನೋ ಹೌದು, ಉಪಯೋಗಕ್ಕೆ ಬಾರದ ಉತ್ತರ. ಅಗಲ, ಎತ್ತರ ಎರಡನ್ನೂ ಕುಗ್ಗಿಸಲು ಆಗಬೇಕು, ಒಳಗಿನವು ತಾವೇ ಹೊಂದಿಕೊಳ್ಳಬೇಕು ಅಂದರೆ ಫ್ಲೋಬಾಕ್ಸ್ ಅನ್ನು ಸ್ಕ್ರೋಲ್ಡ್ ವಿಂಡೋ ಒಳಗೆ ಇಡಲೇಬೇಕು. ಜಿಟಿಕೆಯ ದಾಖಲೆಯಲ್ಲೂ ಇದೇ ಸಲಹೆ ಇದೆ.

ಸ್ಕ್ರೋಲ್ಡ್ ವಿಂಡೋದಲ್ಲಿ ಅಡ್ಡ ಸ್ಕ್ರೋಲ್‌ಬಾರ್‌ನ ಪಾಲಿಸಿಯನ್ನು ನೆವರ್ ಮಾಡಿ, ಉದ್ದದ್ದನ್ನು ಆಟೋಮ್ಯಾಟಿಕ್ ಇರಲಿ ಬಿಡಿ. ಅಡ್ಡಕ್ಕೆ ಸ್ಕ್ರೋಲ್ ಇಲ್ಲ ಅಂದಮೇಲೆ ಇರುವ ಅಗಲದಲ್ಲೇ ಸಾಲು ಮುರಿಯುತ್ತದೆ, ಎತ್ತರ ಎಷ್ಟಾದರೂ ಸ್ಕ್ರೋಲ್ ನೋಡಿಕೊಳ್ಳುತ್ತದೆ. ಇದರ ಜೊತೆ ಸ್ಕ್ರೋಲ್ಡ್ ವಿಂಡೋಗೆ ವಿ-ಎಕ್ಸ್‌ಪ್ಯಾಂಡ್ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅದನ್ನು ಲಂಬ ಬಾಕ್ಸ್ ಒಳಗೆ ಹಾಕಿದಾಗ ಒಂದು ಪಟ್ಟಿಯಷ್ಟು ಮಾತ್ರ ಕಾಣುತ್ತದೆ. ಸ್ಕ್ರೋಲ್ ಆಗುವುದರ ಮಿನಿಮಮ್ ಎತ್ತರ ಚಿಕ್ಕದು, ಯಾರೂ ಜಾಸ್ತಿ ಕೊಡದಿದ್ದರೆ ಅಷ್ಟರಲ್ಲೇ ಇರುತ್ತದೆ.

ಇನ್ನು ಕ್ಲಿಕ್. ಫ್ಲೋಬಾಕ್ಸ್‌ಗೆ ಯಾವ ವಿಜೆಟ್ ಹಾಕಿದರೂ ಅದನ್ನು ಫ್ಲೋಬಾಕ್ಸ್-ಚೈಲ್ಡ್ ಎಂಬ ಇನ್ನೊಂದು ವಿಜೆಟ್ ಒಳಗೆ ತಾನೇ ಸುತ್ತಿಡುತ್ತದೆ. ಆಯ್ಕೆಯಾಗುವುದು, ಫೋಕಸ್ ಪಡೆಯುವುದು, ಆಕ್ಟಿವೇಟ್ ಆಗುವುದು ಆ ಹೊರಗಿನದು. ನೀವು ಒಳಗೆ ಬಟನ್ ಇಟ್ಟಿದ್ದೀರಿ. ಕ್ಲಿಕ್ ಅನ್ನು ಬಟನ್ ತಾನೇ ಇಟ್ಟುಕೊಳ್ಳುತ್ತದೆ, ಹೊರಗಿನ ಚೈಲ್ಡ್‌ಗೆ ತಲುಪುವುದಿಲ್ಲ. ಟ್ಯಾಬ್ ಒತ್ತಿ ನೋಡಿ, ಪ್ರತಿ ಫೋಟೋಗೂ ಎರಡು ಸಲ ನಿಲ್ಲುತ್ತದೆ: ಒಮ್ಮೆ ಚೈಲ್ಡ್ ಮೇಲೆ, ಒಮ್ಮೆ ಬಟನ್ ಮೇಲೆ. ಮೌಸ್ ಮುಟ್ಟದೆ ಕೀಬೋರ್ಡ್‌ನಲ್ಲೇ ಕೆಲಸ ಮಾಡುವವರಿಗೆ ಇದು ಕಿರಿಕಿರಿ.

ಬಟನ್ ತೆಗೆದುಬಿಡಿ. ಒಂದು ಲಂಬ ಬಾಕ್ಸ್, ಅದರಲ್ಲಿ ಇಮೇಜ್ ಮತ್ತು ಲೇಬಲ್, ಅಷ್ಟು ಸಾಕು. ಚೈಲ್ಡ್-ಆಕ್ಟಿವೇಟೆಡ್ ತಾನಾಗಿ ಬರುತ್ತದೆ. ಡಿಫಾಲ್ಟ್ ಆಗಿ ಒಂದೇ ಕ್ಲಿಕ್‌ಗೆ ಬರುತ್ತದೆ. ಒಂದು ಕ್ಲಿಕ್‌ಗೆ ಆಯ್ಕೆ, ಎರಡಕ್ಕೆ ತೆರೆಯುವುದು ಬೇಕಿದ್ದರೆ ಆಕ್ಟಿವೇಟ್-ಆನ್-ಸಿಂಗಲ್-ಕ್ಲಿಕ್ ಅನ್ನು ಆಫ್ ಮಾಡಿ. ಸೆಲೆಕ್ಷನ್ ಮೋಡ್ ಅನ್ನು ಮಲ್ಟಿಪಲ್ ಮಾಡಿದರೆ ಮೌಸ್ ಎಳೆದು ಒಟ್ಟಿಗೆ ಹಲವನ್ನು ಆರಿಸುವ ಸೌಲಭ್ಯವೂ ಬರುತ್ತದೆ, ಬೇರೆ ಕೋಡ್ ಬೇಡ. ಸಿಗ್ನಲ್ ಹ್ಯಾಂಡ್ಲರ್‌ಗೆ ಬರುವುದು ನಿಮ್ಮ ಬಾಕ್ಸ್ ಅಲ್ಲ, ಹೊರಗಿನ ಫ್ಲೋಬಾಕ್ಸ್-ಚೈಲ್ಡ್. ಅದರ ಗೆಟ್-ಚೈಲ್ಡ್ ಕರೆದರೆ ಒಳಗಿನದು ಸಿಗುತ್ತದೆ.

ಯಾವುದೋ ಕಾರಣಕ್ಕೆ ಬಟನ್ನೇ ಬೇಕು ಅಂದರೆ ಉಲ್ಟಾ ಮಾಡಿ. ಸೆಲೆಕ್ಷನ್ ಮೋಡ್ ಅನ್ನು ನನ್ (NONE) ಮಾಡಿ, ಪ್ರತಿ ಚೈಲ್ಡ್‌ನ ಫೋಕಸಬಲ್ ಆಫ್ ಮಾಡಿ, ಬಟನ್‌ನ ಕ್ಲಿಕ್ಡ್ ಸಿಗ್ನಲ್‌ಗೇ ಹ್ಯಾಂಡ್ಲರ್ ಕಟ್ಟಿ. ಎರಡೂ ಅರ್ಧರ್ಧ ಇಟ್ಟುಕೊಳ್ಳುವುದು ಮಾತ್ರ ಬೇಡ.

ಇಷ್ಟಾದ ಮೇಲೂ ಅಳತೆ ಸರಿ ಬರದಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಜಿಟಿಕೆ ಡಿಬಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಇಂಟರ್ಯಾಕ್ಟಿವ್ ಎಂದು ಕೊಟ್ಟು ಪ್ರೋಗ್ರಾಂ ಓಡಿಸಿದರೆ ಇನ್ಸ್‌ಪೆಕ್ಟರ್ ತೆರೆಯುತ್ತದೆ. ಅದರಲ್ಲಿ ಒಂದು ಐಟಂ ಆರಿಸಿ, ಅದಕ್ಕೆ ಎಷ್ಟು ಜಾಗ ಸಿಕ್ಕಿದೆ ನೋಡಿ. ಅಲ್ಲೇ ಪ್ರಾಪರ್ಟಿ ಬದಲಿಸಿ ಸಾಲುಗಳು ಮತ್ತೆ ಜೋಡಣೆಯಾಗುವುದನ್ನೂ ನೋಡಬಹುದು. ಎಲ್ಲಕ್ಕಿಂತ ಅಗಲವಾದ ಐಟಂ ಯಾವುದು ಅಂತ ಹುಡುಕಿ. ಎಡವಟ್ಟು ಹೆಚ್ಚಾಗಿ ಅದರೊಳಗೇ ಇರುತ್ತದೆ.

ನೀವು ಕೇಳಿಲ್ಲ, ಆದರೂ ಆಲ್ಬಮ್ ಅಂದಮೇಲೆ ಹುಡುಕುವ ಪೆಟ್ಟಿಗೆ ಬೇಕಾಗುತ್ತದೆ. ಅದಕ್ಕಾಗಿ ಐಟಂಗಳನ್ನು ತೆಗೆದು ಮತ್ತೆ ಹಾಕಲು ಹೋಗಬೇಡಿ. ಸೆಟ್-ಫಿಲ್ಟರ್-ಫಂಕ್‌ನಿಂದ ಒಂದು ಫಂಕ್ಷನ್ ಕೊಟ್ಟಿಡಿ, ಅದು ಪ್ರತಿ ಚೈಲ್ಡ್‌ಗೂ ತೋರಿಸಬೇಕೋ ಬೇಡವೋ ಹೇಳಲಿ. ಹುಡುಕುವ ಪದ ಬದಲಾದಾಗೆಲ್ಲ ಇನ್‌ವ್ಯಾಲಿಡೇಟ್-ಫಿಲ್ಟರ್ ಕರೆಯಿರಿ. ಉಳಿದವು ಮೇಲೆ ಸರಿದು ಜಾಗ ತುಂಬಿಕೊಳ್ಳುತ್ತವೆ. ದಿನಾಂಕದ ಪ್ರಕಾರ ಜೋಡಿಸಲು ಸಾರ್ಟ್ ಫಂಕ್ಷನ್ ಕೂಡ ಹೀಗೇ. ಒಂದು ಷರತ್ತು: ಬೈಂಡ್-ಮಾಡೆಲ್ ಬಳಸಿ ಲಿಸ್ಟ್ ಮಾಡೆಲ್ (ಐಟಂಗಳ ಪಟ್ಟಿ ಇಟ್ಟುಕೊಳ್ಳುವ ವಸ್ತು) ಕಟ್ಟಿದ್ದರೆ ಈ ಎರಡೂ ನಡೆಯುವುದಿಲ್ಲ. ಆಗ ಫಿಲ್ಟರ್, ಸಾರ್ಟ್ ಎರಡನ್ನೂ ಮಾಡೆಲ್‌ನಲ್ಲೇ ಮಾಡಬೇಕು.

ಫೋಟೋಗಳಿಗೆ ಟ್ಯಾಗ್ ಹಚ್ಚುವ ಯೋಚನೆ ಇದ್ದರೆ, ಟ್ಯಾಗ್‌ಗಳಿಗೆ ಮಾತ್ರ ಫ್ಲೋಬಾಕ್ಸ್ ಬೇಡ. ಅದು ಸಾಲು ಮುರಿದರೂ ಕಾಲಮ್‌ಗಳನ್ನು ಮೇಲಿಂದ ಕೆಳಗೆ ನೇರವಾಗಿ ಇಡುತ್ತದೆ. ಒಂದು ಟ್ಯಾಗ್ ಮೂರಕ್ಷರ, ಅದರ ಕೆಳಗಿನದು ಹದಿನೈದಕ್ಷರ ಇದ್ದರೆ ಮೂರಕ್ಷರದ ಪಕ್ಕ ದೊಡ್ಡ ಬಿಲ ಬೀಳುತ್ತದೆ. ಲಿಬ್‌ಅದ್ವೈತ (ಜಿಟಿಕೆ ಮೇಲೆ ಕಟ್ಟಿದ ಗ್ನೋಮ್ ಲೈಬ್ರರಿ) ಬಳಸುತ್ತಿದ್ದರೆ ಅದರ 1.7ನೇ ಆವೃತ್ತಿಯಲ್ಲಿ, 2025ರಲ್ಲಿ, ರ್‍ಯಾಪ್‌ಬಾಕ್ಸ್ ಬಂದಿದೆ. ಅದು ಕಾಲಮ್ ಗೊಡವೆಗೆ ಹೋಗುವುದಿಲ್ಲ, ಒಂದರ ಪಕ್ಕ ಒಂದು ಒತ್ತಾಗಿ ಇಡುತ್ತದೆ. ಆಯ್ಕೆ, ಆಕ್ಟಿವೇಟ್ ಯಾವುದೂ ಅದರಲ್ಲಿಲ್ಲ, ಟ್ಯಾಗ್‌ಗೆ ಅವು ಬೇಕಾಗಿಯೂ ಇಲ್ಲ.

ಬೇರೆ ಟೂಲ್‌ಕಿಟ್‌ಗೆ ಹೋದರೂ ಈ ಅಗಲ-ಎತ್ತರದ ತಕರಾರು ಬೆನ್ನು ಬಿಡುವುದಿಲ್ಲ. ಜಾವಾ ಸ್ವಿಂಗ್‌ನ ಫ್ಲೋಲೇಔಟ್ ತನಗೆ ಬೇಕಾದ ಗಾತ್ರವನ್ನು ಎಲ್ಲವೂ ಒಂದೇ ಸಾಲಿನಲ್ಲಿ ಇವೆ ಅಂದುಕೊಂಡೇ ಲೆಕ್ಕ ಹಾಕುತ್ತದೆ. ಅದಕ್ಕೇ ಸ್ಕ್ರೋಲ್ ಪೇನ್ ಒಳಗೆ ಇಟ್ಟರೆ ಸಾಲು ಮುರಿಯುವುದೇ ಇಲ್ಲ. ಕ್ಯೂಟಿ ವಿಜೆಟ್‌ಗಳಲ್ಲಿ ಇಂಥ ಲೇಔಟ್ ಸಿದ್ಧವಾಗಿ ಬರುವುದಿಲ್ಲ, ಅದರ ಉದಾಹರಣೆಗಳಲ್ಲಿರುವ ಫ್ಲೋಲೇಔಟ್ ಕೋಡ್ ತಂದು ಸೇರಿಸಿಕೊಳ್ಳಬೇಕು. ಅಲ್ಲೂ ಹೈಟ್-ಫಾರ್-ವಿಡ್ತ್ ಫಂಕ್ಷನ್ನೇ ಜೀವಾಳ. ಫ್ಲಟರ್‌ನ ರ್‍ಯಾಪ್ ಸಲೀಸು, ಆದರೆ ಅಡ್ಡಕ್ಕೆ ಸ್ಕ್ರೋಲ್ ಆಗುವುದರೊಳಗೆ ಇಟ್ಟರೆ ಅಗಲಕ್ಕೆ ಮಿತಿಯೇ ಇಲ್ಲದೆ ಅದೂ ಒಂದೇ ಸಾಲಾಗುತ್ತದೆ.

ಕೊನೆಗೆ ಸಂಖ್ಯೆಯ ವಿಷಯ. 30 ಫೋಟೋಗೆ ಫ್ಲೋಬಾಕ್ಸ್ ಸರಿಯಾದ ಆಯ್ಕೆ, ಮುನ್ನೂರಕ್ಕೂ ನಡೆಯುತ್ತದೆ. ಅದು ಪ್ರತಿ ಫೋಟೋಗೂ ನಿಜವಾದ ವಿಜೆಟ್‌ಗಳನ್ನು ಇಟ್ಟುಕೊಂಡಿರುತ್ತದೆ, ಸ್ಕ್ರೀನ್ ಮೇಲೆ ಕಾಣಲಿ ಬಿಡಲಿ. ವಿಂಡೋ ಎಳೆದಾಗೆಲ್ಲ ಅಷ್ಟೂ ಐಟಂಗಳ ಅಳತೆ ನೋಡಬೇಕಾಗುತ್ತದೆ. ಫೋಲ್ಡರ್‌ನಲ್ಲಿ ಸಾವಿರಾರು ಫೋಟೋ ಇರುವ ಸಾಧ್ಯತೆ ಇದ್ದರೆ ಈಗಲೇ ಗ್ರಿಡ್‌ವ್ಯೂ ಕಡೆ ಹೋಗಿ. ಅದು ಜಿಟಿಕೆ 4ರಲ್ಲಿ ಬಂದದ್ದು. ಕಾಣುವ ಭಾಗಕ್ಕೆ ಮತ್ತು ಅದರ ಆಸುಪಾಸಿಗೆ ಬೇಕಾದಷ್ಟೇ ವಿಜೆಟ್ ಇಟ್ಟುಕೊಂಡು, ಸ್ಕ್ರೋಲ್ ಮಾಡಿದಂತೆ ಅವನ್ನೇ ಮತ್ತೆ ಮತ್ತೆ ಬಳಸುತ್ತದೆ. ಮಾಡೆಲ್, ಫ್ಯಾಕ್ಟರಿ (ಐಟಂಗಳಿಗೆ ವಿಜೆಟ್ ತಯಾರಿಸುವ ಭಾಗ) ಅಂತ ಆರಂಭದ ಕೆಲಸ ಜಾಸ್ತಿ. ಅಲ್ಲೂ ಮ್ಯಾಕ್ಸ್-ಕಾಲಮ್ಸ್ ಎಂಬ ಪ್ರಾಪರ್ಟಿ ಇದೆ, ಅದರ ಡಿಫಾಲ್ಟ್ ಕೂಡ 7.